ಗರಡಿಯ ಮಟ್ಟಿಯಿಂದ ಚಲನಶಾಸ್ತ್ರದ ಪದವಿಗೆ: ಗೌರಸಮುದ್ರದ ದೃಷ್ಟಿಯಿಂದ ಒಂದು ಚಾರಿತ್ರಿಕ ಪರಿಶೀಲನೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿಗೆ ಸೇರಿದ ಗೌರಸಮುದ್ರವು ಮಾರಮ್ಮನ ಜಾತ್ರೆಯಿಂದ ಹೆಸರಾದ ಗ್ರಾಮ. ಈ ಜಾತ್ರೆಗೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಂದಲೂ ನೆರೆಯ ಆಂಧ್ರದ ಸೀಮೆಯಿಂದಲೂ ಜನರು ಬಂದು ನೆರೆಯುತ್ತಾರೆ. ದೇವತೆಯ ಮಹಿಮೆಯನ್ನಾಗಲಿ ಜಾತ್ರೆಯ ವಿಧಿಗಳನ್ನಾಗಲಿ ವಿವೇಚಿಸುವುದು ಪ್ರಕೃತ ನಮ್ಮ ಉದ್ದೇಶವಲ್ಲ. ಆ ಜನಸಂದಣಿಯ ಅಂಚಿನಲ್ಲಿ ನಿಂತು ನೋಡುವ ವಿದ್ಯಾರ್ಥಿಯ ಕಣ್ಣಿಗೆ ಬೇರೊಂದು ವಿಷಯವೂ ಬೀಳುತ್ತದೆ. ತಲೆಯ ಮೇಲೆ ಗಂಟನ್ನಿಟ್ಟು ಕೈಬಿಟ್ಟು ನಡೆಯುವ ಹೆಂಗಸು, ಮಗುವನ್ನು ಹೆಗಲೇರಿಸಿಕೊಂಡು ಬಿಸಿಲಿನಲ್ಲಿ ಸಾಗುವ ರೈತ, ಜೀವಮಾನವೆಲ್ಲ ಕುರಿಯ ಹಿಂದೆ ನಡೆದೂ ಬೆನ್ನು ಬಾಗದ ವೃದ್ಧ, ಇವರ ದೇಹಗಳು ಭಾರವನ್ನು ಹೊರುವ, ದಣಿವನ್ನು ತಡೆಯುವ, ಶಾಖವನ್ನು ಕಳೆಯುವ ಬಗೆ ಯಾವುದು?

ಈ ಪ್ರಶ್ನೆಯನ್ನು ಕ್ರಮವಾಗಿ ಅಭ್ಯಸಿಸುವ ಶಾಸ್ತ್ರವೊಂದುಂಟು. ಚಲನೆ ಎಂಬರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಕಿನೀಸಿಯಾಲಜಿ ಎಂಬ ಹೆಸರು ಬಂದಿದೆ. ಇಲ್ಲಿ ನಾವು ಅದನ್ನು ಚಲನಶಾಸ್ತ್ರವೆಂದು ಕರೆಯುತ್ತೇವೆ. ವ್ಯಾಯಾಮವಿಜ್ಞಾನವು ಅದರ ಒಡಹುಟ್ಟು. ಗೌರಸಮುದ್ರದಲ್ಲಿ ಬೆಳೆದು ಪದವಿಪೂರ್ವ ತರಗತಿಯನ್ನು ಮುಗಿಸಿದ ಹುಡುಗಿಯೊಬ್ಬಳು ಈ ಶಾಸ್ತ್ರವನ್ನೇ ಪದವಿಗೆ ಓದಬೇಕೆಂದು ಬಯಸಿದರೆ ಅವಳಿಗೆ ನೇರವಾದ ದಾರಿ ಸುಲಭವಾಗಿ ಕಾಣದು. ಈ ಕೊರತೆಯು ಇಂದು ನಿನ್ನೆಯದಲ್ಲ. ಅದಕ್ಕೆ ಚರಿತ್ರೆಯಲ್ಲಿ ಕಾರಣಗಳಿವೆ. ಆ ಕಾರಣಗಳನ್ನು ಹುಡುಕುವುದೇ ಈ ಪ್ರಬಂಧದ ಉದ್ದೇಶ.

ದೇಹಶ್ರಮವನ್ನು ಕುರಿತ ವಿಚಾರವು ಕನ್ನಡನಾಡಿಗೆ ಹೊರಗಿನಿಂದ ಬಂದದ್ದೆಂದು ಭಾವಿಸುವುದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೊಂದಿದೆ. ಅಲ್ಲಿ ಮಲ್ಲರನ್ನು ಅವರ ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಲಾಗಿದೆ. ಅವರ ಆಹಾರವನ್ನು ಹೇಳಿದೆ. ಭಾರವೆತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ ಎಂದು ವ್ಯಾಯಾಮಗಳನ್ನು ಪ್ರತ್ಯೇಕಿಸಿದೆ. ಒಂದೊಂದು ಬಗೆಯ ಶ್ರಮದಿಂದ ದೇಹಕ್ಕೆ ಒಂದೊಂದು ಬಗೆಯ ಗುಣವು ಒದಗುತ್ತದೆಂಬ ತಿಳಿವು ಈ ವಿಂಗಡಣೆಯ ಹಿಂದಿದೆಯೆಂದು ನಮಗೆ ತೋರುತ್ತದೆ. ಇದನ್ನು ವಿಜ್ಞಾನವೆನ್ನಲಾಗದಿದ್ದರೂ ವಿಜ್ಞಾನಕ್ಕೆ ಬೇಕಾದ ಮೊದಲ ಹೆಜ್ಜೆಯಾದ ವರ್ಗೀಕರಣವು ಇಲ್ಲಿ ಆಗಿದೆ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯನು ಬೆಳಕು ಹರಿಯುವುದಕ್ಕೆ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಎಣ್ಣೆ ಪೂಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡಿ, ಬಳಿಕ ಜಟ್ಟಿಯೊಬ್ಬನೊಡನೆ ಕುಸ್ತಿಯಾಡಿ ಕುದುರೆಯೇರುತ್ತಿದ್ದನಂತೆ. ಮೈಸೂರಿನ ಅರಸರ ಕಾಲದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವು ದಸರೆಯ ಅಂಗವಾಯಿತು. ನಾಡಿನ ಊರೂರುಗಳಲ್ಲಿ ಗರಡಿಗಳು ಬೆಳೆದವು. ಗರಡಿಯ ಮಟ್ಟಿಯಲ್ಲಿ ಉಸ್ತಾದನು ಹುಡುಗನ ಮೈಯನ್ನು ನೋಡಿ, ದಂಡ ಎಷ್ಟು, ಬಸ್ಕಿ ಎಷ್ಟು, ಯಾವ ಪಟ್ಟು ಯಾವಾಗ ಎಂದು ನಿಶ್ಚಯಿಸುತ್ತಿದ್ದನು. ಆ ಜ್ಞಾನವು ಕಣ್ಣಿನಲ್ಲಿಯೂ ಕೈಯಲ್ಲಿಯೂ ಇದ್ದಿತೇ ಹೊರತು ಬಹುಮಟ್ಟಿಗೆ ಬರಹಕ್ಕೆ ಇಳಿಯಲಿಲ್ಲ.

ಈ ಸಂದರ್ಭದಲ್ಲಿ ಚಳ್ಳಕೆರೆಯ ಸೀಮೆಗೇ ಸಂಬಂಧಿಸಿದ ಒಂದು ವಿಚಿತ್ರ ಸಂಗತಿಯನ್ನು ವಾಚಕರು ಗಮನಿಸಬೇಕು. ಈ ಭಾಗದ ವಿಶಾಲವಾದ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳೆಂದು ಪ್ರಸಿದ್ಧವಾದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಕಾವಲುಗಳನ್ನು ಬೇಸಗೆ, ಮಳೆಗಾಲ, ಚಳಿಗಾಲಗಳಿಗೆ ತಕ್ಕಂತೆ ವಿಂಗಡಿಸಿ ದನಗಳನ್ನು ಮೇಯಿಸುವ ಕ್ರಮವಿದ್ದಿತು. ಹೈದರನು ಚಿದಂಬರದ ನೆರವಿಗೆಂದು ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದಲೇ ಎಂದು ಅಮೃತಮಹಲನ್ನು ಕುರಿತ ಹಳೆಯ ಬರವಣಿಗೆಗಳು ಹೇಳುತ್ತವೆ. ಎತ್ತಿನ ದಮ್ಮು, ನಡಿಗೆ, ಮೇವು, ವಿಶ್ರಾಂತಿಗಳನ್ನು ಸರ್ಕಾರವು ಲಕ್ಷ್ಯವಿಟ್ಟು ನೋಡಿಕೊಂಡಿತು, ಏಕೆಂದರೆ ಫಿರಂಗಿಯನ್ನು ಎಳೆಯಬೇಕಾದದ್ದು ಎತ್ತು. ಆ ಎತ್ತುಗಳ ಹಿಂದೆ ಅಷ್ಟೇ ದೂರ ನಡೆದ ಗೊಲ್ಲನ ದಮ್ಮನ್ನು ಅಳೆಯಬೇಕೆಂದು ಯಾರಿಗೂ ತೋರಲಿಲ್ಲ. ಯಾವ ದೇಹವನ್ನು ಅಭ್ಯಸಿಸಬೇಕೆಂಬುದನ್ನು ಆಯಾ ಕಾಲದ ಪ್ರಯೋಜನವೇ ನಿರ್ಧರಿಸುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು. ಮುಂದಿನ ಚರಿತ್ರೆಯೂ ಇದೇ ಜಾಡಿನಲ್ಲಿ ಸಾಗಿತು.

ಆಧುನಿಕ ವಿದ್ಯಾಭ್ಯಾಸದೊಡನೆ ಶಾಲೆಗೆ ಬಂದದ್ದು ಕವಾಯತು. ಕವಾಯತಿನ ಗುರಿ ದೇಹವನ್ನು ತಿಳಿಯುವುದಲ್ಲ, ದೇಹವನ್ನು ಅಪ್ಪಣೆಗೆ ಒಳಪಡಿಸುವುದು. ಈ ಗುರಿಯನ್ನು ಆಳುವವರು ಮಾತ್ರ ಹಿಡಿದಿದ್ದರೆನ್ನಲಾಗದು. 1923ರಲ್ಲಿ ಹುಬ್ಬಳ್ಳಿಯ ನಾ. ಸು. ಹರ್ಡೀಕರರು ಸ್ಥಾಪಿಸಿದ ಹಿಂದೂಸ್ಥಾನಿ ಸೇವಾದಳವೂ ಸ್ವಯಂಸೇವಕರಲ್ಲಿ ಶಿಸ್ತನ್ನು ಬೆಳೆಸಲು ಅಂಗಸಾಧನೆಯನ್ನೇ ಆಶ್ರಯಿಸಿತು. ಸ್ವಾತಂತ್ರ್ಯಾನಂತರ 1954ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಯೋಜನೆಯ ಹೆಸರೇ ರಾಷ್ಟ್ರೀಯ ಶಿಸ್ತು ಯೋಜನೆ. ಆಳುವವರ ಬಣ್ಣ ಬದಲಾದರೂ ಮೈದಾನದ ಸೀಟಿಯ ಅರ್ಥ ಬಹಳ ಬದಲಾಗಲಿಲ್ಲ.

ದೈಹಿಕ ಶಿಕ್ಷಣವನ್ನು ವ್ಯವಸ್ಥಿತವಾದ ಅಧ್ಯಯನವನ್ನಾಗಿ ಮಾಡಿದ ಕೀರ್ತಿ ದಕ್ಷಿಣ ಭಾರತದಲ್ಲಿ ಹ್ಯಾರಿ ಕ್ರೋ ಬಕ್ ಅವರಿಗೆ ಸಲ್ಲಬೇಕು. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತಿದ್ದ ಅವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಭಾರತೀಯ ತಂಡದ ಮೇಲ್ವಿಚಾರಣೆಯನ್ನೂ ವಹಿಸಿದ್ದರು. ಆದರೆ ಈ ಬಗೆಯ ಕಾಲೇಜುಗಳ ಮುಖ್ಯ ಕೆಲಸ ಶಾಲೆಗಳಿಗೆ ಶಿಕ್ಷಕರನ್ನು ಸಿದ್ಧಪಡಿಸುವುದು. ಶರೀರರಚನೆ, ಶರೀರಕ್ರಿಯೆ, ಚಲನಶಾಸ್ತ್ರಗಳು ಪಾಠದ ಪಟ್ಟಿಯಲ್ಲಿ ಸೇರಿದರೂ ಅವು ಶಿಕ್ಷಕನಿಗೆ ಬೇಕಾದ ಉಪಕರಣಗಳಾಗಿ ಸೇರಿದವು, ಸ್ವತಂತ್ರ ಜಿಜ್ಞಾಸೆಗಳಾಗಿ ಅಲ್ಲ.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ದೇಹವನ್ನು ಕುರಿತ ಅತ್ಯಂತ ಹುರುಪಿನ ಪ್ರಯೋಗಗಳು ನಡೆದವು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕ ದೂರದ ಶಿಷ್ಯರಿಗೂ ಅಂಗಸಾಧನೆಯನ್ನು ಕಲಿಸಿದರು. 1930ರಲ್ಲಿ ಮಾಂಸಖಂಡಗಳ ಸಾಧನೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಶಾಂತಲಾ, ರೂಪದರ್ಶಿ ಕಾದಂಬರಿಗಳ ಕರ್ತೃವಾಗಿ ಕನ್ನಡಿಗರಿಗೆ ಪರಿಚಿತರಾದವರೂ ಇವರೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆಯನ್ನು ನಡೆಸಿದರು. ಅವರ ಯೋಗಮಕರಂದವು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಅಯ್ಯರ್ ಅವರ ಪದ್ಧತಿಯ ವ್ಯಾಯಾಮಶಾಲೆಯೂ ಅದೇ ಆವರಣದಲ್ಲಿ ನಡೆಯುತ್ತಿತ್ತೆಂಬುದು ಗಮನಾರ್ಹ. ಚಿತ್ರದುರ್ಗ ಜಿಲ್ಲೆಯಲ್ಲಿಯೇ, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ, ತಿರುಕ ಎಂಬ ಹೆಸರಿನಿಂದ ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿಯವರು ಅನಾಥ ಸೇವಾಶ್ರಮವನ್ನು ಕಟ್ಟಿ, 1996ರಲ್ಲಿ ತೀರಿಕೊಳ್ಳುವವರೆಗೆ ಯೋಗ ಹಾಗೂ ವ್ಯಾಯಾಮಗಳನ್ನು ಗ್ರಾಮಾಂತರದ ಜನಕ್ಕೆ ಮುಟ್ಟಿಸಿದರು. ಸೂಟು ತೊಟ್ಟವರ ನಗರದಿಂದ ರಾಗಿ ಜೋಳದ ಹಳ್ಳಿಯವರೆಗೆ ಈ ವಿದ್ಯೆ ಹಬ್ಬಿತು. ಆದರೆ ಇದಾವುದೂ ವಿಶ್ವವಿದ್ಯಾನಿಲಯದ ಪದವಿ ಪಾಠವಾಗಲಿಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವೂ ಜಗನ್ಮೋಹನ ಅರಮನೆಯೂ ಒಂದೇ ಊರಿನಲ್ಲಿದ್ದವು. ಆಸನ ಹಾಕಿದ ದೇಹವನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಕೆಲಸಕ್ಕೆ ಮಾತ್ರ ನಾವು ಲೋನಾವಳದ ಕಡೆ ನೋಡಬೇಕಾಗಿದೆ. ಅಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ ಆ ಬಗೆಯ ಪರೀಕ್ಷೆಗೆ ಕೈಹಾಕಿದ್ದರು.

ಪದವಿ ಶಿಕ್ಷಣದ ದೃಷ್ಟಿಯಿಂದ 1957 ಮುಖ್ಯವಾದ ವರ್ಷ. 1857ರ ಸಂಗ್ರಾಮದ ಶತಮಾನೋತ್ಸವದ ಸ್ಮಾರಕವಾಗಿ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು ಆರಂಭವಾಯಿತು; ದೈಹಿಕ ಶಿಕ್ಷಣವನ್ನೇ ಮೂರು ವರ್ಷ ಓದಿ ಪದವಿ ಪಡೆಯುವ ಅವಕಾಶ ಅಲ್ಲಿ ದೊರೆಯಿತು. 1961ರಲ್ಲಿ ಪಟಿಯಾಲಾದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ತರಬೇತುದಾರರಿಗಾಗಿ ಹುಟ್ಟಿತು. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಬಂದಿತು. ಹೀಗೆ ಒಂದು ದಾರಿ ಶಿಕ್ಷಕನ ಕಡೆಗೆ, ಮತ್ತೊಂದು ಪದಕದ ಕಡೆಗೆ ಸಾಗಿತು. ಮೂರನೆಯ ದಾರಿ ವೈದ್ಯಶಾಸ್ತ್ರದ ಮಗ್ಗುಲಿನ ಭೌತಚಿಕಿತ್ಸೆಯದು. ಅದು ನಾಲ್ಕೂವರೆ ವರ್ಷಗಳ ವ್ಯಾಸಂಗವಾಗಿ ರೂಢವಾಯಿತು. ಶಿಕ್ಷಕ, ಆಟಗಾರ, ರೋಗಿ ಈ ಮೂವರಿಗೂ ಶಾಸ್ತ್ರದಲ್ಲಿ ಸ್ಥಾನ ದೊರೆಯಿತು. ರೋಗಿಯೂ ಅಲ್ಲದ, ಆಟಗಾರನೂ ಅಲ್ಲದ, ಹೊಟ್ಟೆಪಾಡಿಗೆ ಮೈಮುರಿದು ದುಡಿಯುವ ಬಹುಜನರು ಮೂರು ದಾರಿಗಳ ನಡುವೆ ಉಳಿದುಹೋದರು.

ಈ ತೊಡಕು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದ ಹಾರ್ವರ್ಡಿನಲ್ಲಿ 1891ರಷ್ಟು ಹಿಂದೆಯೇ ಅಂಗರಚನೆ, ಶರೀರಕ್ರಿಯೆ ಹಾಗೂ ದೈಹಿಕ ತರಬೇತಿಗಳನ್ನು ಒಳಗೊಂಡ ನಾಲ್ಕು ವರ್ಷಗಳ ಪದವಿ ವ್ಯಾಸಂಗವು ಆರಂಭವಾಗಿತ್ತು. ಜಾರ್ಜ್ ವೆಲ್ಸ್ ಫಿಟ್ಸ್ ಅವರು ಅದರೊಡನೆ ಪ್ರಯೋಗಶಾಲೆಯನ್ನೂ ಕಟ್ಟಿದರು. ಶಿಕ್ಷಕರನ್ನು ತಯಾರಿಸುವ ಬೇಡಿಕೆಯೇ ಪ್ರಬಲವಾಗಿದ್ದ ಆ ಕಾಲದಲ್ಲಿ ಅದು ಬಹಳ ವರ್ಷ ಬಾಳಲಿಲ್ಲ. ಸ್ನಾಯುವಿನಲ್ಲಿ ಶಾಖವು ಉಂಟಾಗುವ ಬಗೆಯನ್ನು ತೋರಿದ ಆರ್ಚಿಬಾಲ್ಡ್ ಹಿಲ್ ಅವರಿಗೆ 1922ರ ನೊಬೆಲ್ ಬಹುಮಾನವು ದೊರೆತರೂ, ದೈಹಿಕ ಶಿಕ್ಷಣವು ಸ್ವತಂತ್ರವಾದ ಜ್ಞಾನಶಾಖೆಯೇ ಎಂಬ ಪ್ರಶ್ನೆಯನ್ನು ಫ್ರಾಂಕ್ಲಿನ್ ಹೆನ್ರಿಯವರು 1964ರಲ್ಲಿ ಮತ್ತೆ ಎತ್ತಬೇಕಾಯಿತು. ಅದಾದ ಮೇಲೆ ಉತ್ತರ ಅಮೆರಿಕದ ಅನೇಕ ವಿಭಾಗಗಳು ತಮ್ಮ ಹೆಸರನ್ನೂ ಪಠ್ಯವನ್ನೂ ಚಲನಶಾಸ್ತ್ರದ ಕಡೆಗೆ ತಿರುಗಿಸಿದವು. ಅಲ್ಲಿ ಆ ಶಾಸ್ತ್ರವು ಪದವಿಯ ಮೊದಲ ವರ್ಷದಿಂದಲೇ ಕಲಿಯುವ ವಿಷಯವಾಯಿತು.

ನಮ್ಮಲ್ಲಿಯಾದರೋ, ದೈಹಿಕ ಶಿಕ್ಷಣದ ಮುಖ್ಯ ಪದವಿಯಾದ ಬಿ.ಪಿ.ಎಡ್. ಎರಡನೆಯ ಪದವಿಯಾಗಿಯೇ ನಿಂತಿತು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಅದರ ಅವಧಿಯನ್ನು ಎರಡು ವರ್ಷಕ್ಕೆ ಏರಿಸಿದವು. ಪ್ರವೇಶಕ್ಕೆ ಮೊದಲೊಂದು ಪದವಿ ಬೇಕು. ಸಾಮಾನ್ಯವಾಗಿ ಕ್ರೀಡೆಯಲ್ಲಿ ಸ್ಪರ್ಧಿಸಿದ ದಾಖಲೆಯೂ ಬೇಕು. ಶಿಕ್ಷಕನನ್ನು ಆರಿಸುವುದಕ್ಕೆ ಈ ನಿಯಮವು ತಕ್ಕುದೇ ಇರಬಹುದು. ಆದರೆ ಸಸ್ಯಶಾಸ್ತ್ರವನ್ನು ಓದಬಯಸುವವನನ್ನು, ನೀನೆಷ್ಟು ಗಿಡ ನೆಟ್ಟಿರುವೆ ಎಂದು ಯಾರೂ ಕೇಳುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮಣಿಪಾಲ, ಚೆನ್ನೈಗಳಂಥ ಕಡೆ ವೈದ್ಯಕೀಯ ಶಿಕ್ಷಣದ ಆಶ್ರಯದಲ್ಲಿ ವ್ಯಾಯಾಮ ಮತ್ತು ಕ್ರೀಡಾವಿಜ್ಞಾನಗಳ ಬಿ.ಎಸ್‌ಸಿ. ವ್ಯಾಸಂಗವು ಆರಂಭವಾಗಿರುವುದು ಸಂತೋಷದ ವಿಷಯ. ಗೌರಸಮುದ್ರದಿಂದ ಅಲ್ಲಿಗೆ ದೂರವೂ ಹೆಚ್ಚು, ವೆಚ್ಚವೂ ಹೆಚ್ಚು.

ಹಳ್ಳಿಯ ದೇಹವು ಇಂಥ ಶಾಸ್ತ್ರಕ್ಕೆ ಏನನ್ನು ಕೊಟ್ಟೀತೆಂದು ಸಂಶಯಪಡುವವರಿಗೆ ಒಂದು ದೃಷ್ಟಾಂತವನ್ನು ಹೇಳಬಹುದು. 1986ರಲ್ಲಿ ಪೂರ್ವ ಆಫ್ರಿಕದ ಲುವೊ ಮತ್ತು ಕಿಕುಯು ಹೆಂಗಸರು ತಲೆಹೊರೆ ಹೊತ್ತು ನಡೆಯುವಾಗ ಅವರು ಬಳಸುವ ಆಮ್ಲಜನಕವನ್ನು ವಿಜ್ಞಾನಿಗಳು ಅಳೆದರು. ತಮ್ಮ ತೂಕದ ಐದನೆಯ ಒಂದು ಭಾಗದಷ್ಟು ಹೊರೆಯನ್ನು ಅವರು ಹೆಚ್ಚಿನ ಶಕ್ತಿವ್ಯಯವಿಲ್ಲದೆಯೇ ಹೊರಬಲ್ಲರೆಂದು ಕಂಡುಬಂದಿತು. ಮನುಷ್ಯನ ನಡಿಗೆಯನ್ನು ಕುರಿತ ಹೊಸ ವಿಚಾರಗಳಿಗೆ ನೀರು ಸೌದೆ ಹೊರುವ ಹೆಂಗಸರು ಕಾರಣರಾದರು. ಆ ಪ್ರಶ್ನೆಯು ಚಳ್ಳಕೆರೆಯ ದಾರಿಯಲ್ಲಿ ಹುಟ್ಟಬಾರದೆಂಬ ನಿಯಮವೇನೂ ಇರಲಿಲ್ಲ. ಕೇಳುವವರು ಇರಲಿಲ್ಲ, ಅಷ್ಟೆ.

ಈ ತಾಲ್ಲೂಕು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಒಂದು ಲೀಟರ್ ಬೆವರು ಪೂರ್ಣವಾಗಿ ಆರಿದರೆ ದೇಹದಿಂದ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆಂದು ವ್ಯಾಯಾಮವಿಜ್ಞಾನವು ಹೇಳುತ್ತದೆ. ಕುಡಿಯುವ ನೀರಿಗೇ ಕಷ್ಟವಿರುವ ಸೀಮೆಯಲ್ಲಿ ಶೇಂಗಾ ಕೀಳುವ ಕೂಲಿಯ ಹೆಂಗಸಿಗೆ ಆ ಒಂದು ಲೀಟರು ಎಲ್ಲಿಂದ ಬರಬೇಕು, ಅದು ಬಾರದಿದ್ದರೆ ಅವಳ ಹೃದಯದ ಬಡಿತವೂ ಮೂತ್ರಕೋಶಗಳೂ ಏನಾಗುತ್ತವೆ ಎಂಬುದು ಶಾಸ್ತ್ರದ ಪ್ರಶ್ನೆಯೂ ಹೌದು, ಜೀವದ ಪ್ರಶ್ನೆಯೂ ಹೌದು. ಮೊಳಕಾಲ್ಮೂರಿನ ರೇಷ್ಮೆಯ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಕೂರುವ ನೇಕಾರನ ಸೊಂಟವೂ ಇಂಥದೇ ಪ್ರಶ್ನೆ.

ಈವರೆಗಿನ ಪರಿಶೀಲನೆಯಿಂದ ಒಂದು ನಿರ್ಣಯಕ್ಕೆ ಬರಬಹುದು. ನಮ್ಮ ನಾಡಿನಲ್ಲಿ ದೇಹವನ್ನು ಕುರಿತ ಕುತೂಹಲಕ್ಕೆ ಎಂದೂ ಬರವಿರಲಿಲ್ಲ. ಅದು ಅರಸನ ಮಲ್ಲನಿಗಾಗಿ, ಸೈನ್ಯದ ಎತ್ತಿಗಾಗಿ, ಶಾಲೆಯ ಶಿಸ್ತಿಗಾಗಿ, ದೇಶದ ಪದಕಕ್ಕಾಗಿ ಕ್ರಮವಾಗಿ ಎಚ್ಚತ್ತಿತು. ದುಡಿಯುವವನಿಗಾಗಿ ಮಾತ್ರ ಎಚ್ಚರಗೊಳ್ಳಲಿಲ್ಲ. ಇಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ, ಒಂದು ಕಾಲದಲ್ಲಿ ಅಮೃತಮಹಲ್ ದನಗಳು ಮೇದ ನೆಲದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ವಿಜ್ಞಾನವು ಊರ ಬಾಗಿಲಿಗೇ ಬಂದಿರುವಾಗ, ಆ ಊರಿನ ಜನರ ನಡಿಗೆಯನ್ನು ಅಭ್ಯಸಿಸುವ ಪದವಿ ವ್ಯಾಸಂಗವೊಂದು ಜಿಲ್ಲೆಯ ಸರ್ಕಾರಿ ಕಾಲೇಜೊಂದರಲ್ಲಿ ಏರ್ಪಡುವುದು ಅಸಾಧ್ಯವೇನಲ್ಲ. ಅದಕ್ಕೆ ಬೇಕಾದ ಸಲಕರಣೆಗಳಲ್ಲಿ ತಕ್ಕಡಿ, ಗಡಿಯಾರ, ಉಷ್ಣಮಾಪಕಗಳಿಂದಲೇ ಮೊದಲು ಮಾಡಬಹುದು. ಗೌರಸಮುದ್ರದ ಹುಡುಗಿಯು ತನ್ನ ತಾಯಿಯ ತಲೆಹೊರೆಯನ್ನು ತೂಗಿ, ಅವಳು ನಡೆದ ದೂರವನ್ನು ಅಳೆದು, ಅವಳ ನಾಡಿಯನ್ನು ಎಣಿಸಿ ಬರೆದಿಟ್ಟ ದಿನ, ಎತ್ತಿಗೆ ಮೂರು ಶತಮಾನಗಳ ಹಿಂದೆ ದೊರೆತ ಲಕ್ಷ್ಯವು ಮನುಷ್ಯರಿಗೂ ದೊರೆತಂತಾಗುವುದು.