ಎಲೆಕೋಸಿನ ಬೀಜ ಅಜ್ಜಿಯ ಮಡಕೆಯಲ್ಲಿ ಯಾಕಿರಲಿಲ್ಲ?

ಅವರೆ, ಬದನೆ, ಹೀರೆ, ಸೋರೆ ಬೀಜಗಳನ್ನು ನಮ್ಮ ಅಜ್ಜಿಯಂದಿರು ಬೂದಿ ಬೆರೆಸಿ ಮಡಕೆಯಲ್ಲಿ ಎತ್ತಿಡುತ್ತಿದ್ದರು. ಆ ಮಡಕೆಯಲ್ಲಿ ಎಲೆಕೋಸಿನ ಬೀಜ ಮಾತ್ರ ಇರುತ್ತಿರಲಿಲ್ಲ. ಅದು ಯಾವಾಗಲೂ ಅಂಗಡಿಯಿಂದಲೇ ಬರುತ್ತಿತ್ತು. ಯಾಕೆ ಹೀಗೆ ಎಂದು ಹುಡುಕಿದಾಗ ನಮಗೆ ಸಿಕ್ಕ ಕಥೆ ಇದು.

ಎಲೆಕೋಸಿನ ಮೂಲ ಯುರೋಪಿನ ಒಂದು ಕಾಡುಗಿಡ. ನಮ್ಮ ದೇಶಕ್ಕೆ ಅದು ಪೋರ್ಚುಗೀಸರ ಕಾಲದಲ್ಲಿ ಬಂತು. ಮರಾಠಿಯ 'ಕೋಬಿ' ಪೋರ್ಚುಗೀಸರ 'ಕೋವ್' ಎಂಬ ಮಾತಿನಿಂದಲೇ ಹುಟ್ಟಿದ್ದು. ಗಿಡ ಬಂತು, ಆದರೆ ಅದಕ್ಕೆ ಬೇಕಾದ ಚಳಿ ಜೊತೆಗೆ ಬರಲಿಲ್ಲ.

ಕೋಸು ಎರಡು ವರ್ಷದ ಗಿಡ. ಮೊದಲ ವರ್ಷ ಗಡ್ಡೆ ಕಟ್ಟುತ್ತದೆ. ಆಮೇಲೆ ಹಲವು ವಾರ ಸುಮಾರು 10 ಡಿಗ್ರಿಗಿಂತ ಕಡಿಮೆ ಚಳಿ ಸಿಕ್ಕರೆ ಮಾತ್ರ ಮರುವರ್ಷ ಹಳದಿ ಹೂ ಬಿಟ್ಟು, ಸಾಸಿವೆಯಂಥ ಬೀಜ ಕೊಡುತ್ತದೆ. ನಮ್ಮ ಬಯಲುಸೀಮೆಯಲ್ಲಿ ಅಷ್ಟು ಚಳಿ ಎಲ್ಲಿ?

ಅಮೆರಿಕದ ಮಾರ್ಬಲ್‌ಹೆಡ್ ಎಂಬ ಕಡಲೂರಿನಲ್ಲಿ ಆ ಚಳಿ ಇತ್ತು. ಅಲ್ಲಿನ ಜೇಮ್ಸ್ ಗ್ರೆಗರಿ ಎಂಬ ಬೀಜದ ವ್ಯಾಪಾರಿ 1870ರಲ್ಲಿ ಕೋಸಿನ ಬಗ್ಗೆಯೇ ಒಂದು ಪುಸ್ತಕ ಬರೆದ. ಊರ ತೋಟಗಾರರು ಆರಿಸಿ ಉಳಿಸಿಕೊಂಡಿದ್ದ ತಳಿಗಳಿಗೆ ಹೆಸರು ಕೊಟ್ಟು, ಬೀಜಕ್ಕೆ ಖಾತರಿ ಕೊಟ್ಟು ಮಾರಿದ. ಆ ಸೀಮೆಯ ರೈತರು ಒಳ್ಳೆಯ ಗಡ್ಡೆಗಳನ್ನು ಬೇರುಸಹಿತ ಕಿತ್ತು, ಹಿಮ ಬೀಳುವ ತಿಂಗಳುಗಳಲ್ಲಿ ಮಣ್ಣಿನ ಕಾಲುವೆಯಲ್ಲಿ ಹೂತಿಟ್ಟು, ಚಳಿ ಕಳೆದ ಮೇಲೆ ಮತ್ತೆ ನೆಡುತ್ತಿದ್ದರು. ಹೂಕೋಸು, ನವಿಲುಕೋಸು ಹತ್ತಿರ ಇರದಂತೆಯೂ ನೋಡಿಕೊಳ್ಳಬೇಕಿತ್ತು. ಮೂರೂ ಒಂದೇ ಜಾತಿ. ಜೇನುಹುಳ ಓಡಾಡಿದರೆ ತಳಿ ಕಲಬೆರಕೆ.

ನಮ್ಮ ದೇಶದಲ್ಲಿ ಈ ಕೆಲಸ ಹಿಮಾಚಲದ ಕುಲು ಕಣಿವೆಯಂಥ ತಂಪು ಜಾಗಗಳಲ್ಲಿ ನಡೆಯುತ್ತದೆ. ಅಲ್ಲಿನ ಕತ್ರಾಯಿನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೇಂದ್ರವೇ ಇದೆ.

ಹಿತ್ತಲಲ್ಲಿ ಬೆಳೆಯುವ ಆಸೆ ಇದ್ದವರು 'ಗೋಲ್ಡನ್ ಏಕರ್' ಎಂಬ ಹಳೆಯ ತಳಿ ಕೇಳಿ ನೋಡಿ. ಅದು ಹೈಬ್ರಿಡ್ ಅಲ್ಲ. ಮಳೆಗಾಲ ಮುಗಿಯುವಾಗ ಪಾತಿಯಲ್ಲಿ ಬೀಜ ಚೆಲ್ಲಿ, ನಾಲ್ಕೈದು ವಾರದ ಸಸಿ ಕಿತ್ತು ನೆಟ್ಟರೆ, ಎರಡು ತಿಂಗಳು ದಾಟುವಷ್ಟರಲ್ಲಿ ಗಡ್ಡೆ ಸಿಗುತ್ತದೆ. ಉಳಿದ ಬೀಜವನ್ನು ತೇವ ತಾಗದಂತೆ ತಂಪಾದ ಕಡೆ ಇಟ್ಟರೆ ಎರಡು ಮೂರು ವರ್ಷ ಮೊಳೆಯುತ್ತದೆ.

ಕೋಸಿನ ಬೀಜ ಕೊಳ್ಳದೆ ನಮಗೆ ಬೇರೆ ದಾರಿ ಇಲ್ಲ, ಅದು ಹವೆಯ ಮಾತು. ಆದರೆ ಇಂದು ಅವರೆ, ಬದನೆ ಬೀಜಕ್ಕೂ ನಾವು ಅದೇ ಅಂಗಡಿಯ ಮುಂದೆ ನಿಂತಿದ್ದೇವೆ. ಅವಕ್ಕೆ ಹಿಮವೂ ಬೇಡ, ಕುಲು ಕಣಿವೆಯೂ ಬೇಡ. ಗಿಡದಲ್ಲಿ ಒಂದು ಒಳ್ಳೆಯ ಕಾಯಿಯನ್ನು ಹಣ್ಣಾಗಲು ಬಿಟ್ಟರೆ ಸಾಕು. ಅಜ್ಜಿಯ ಮಡಕೆ ಇನ್ನೂ ಅಟ್ಟದ ಮೇಲಿದ್ದರೆ, ಈ ಸಲ ಕೆಳಗಿಳಿಸಿ.