ದೇವರಿಗೆ ನಡಕೊಳ್ಳೋದು

ಬಾಗಲಕೋಟೆ ಕಡೆ ಸಂಬಂಧದ ಮಾತು ಶುರುವಾದರೆ ಹಿರಿಯರು ತಪ್ಪದೆ ಕೇಳುತ್ತಾರೆ: ‘ನೀವು ಯಾವ ದೇವರಿಗೆ ನಡಕೋತೀರಿ?’ ‘ನಾವು ಬನಶಂಕರಿಗೆ ನಡಕೋತೀವ್ರಿ’ ಎಂದರೆ ಸಾಕು. ಮನೆದೇವರು ಯಾರು, ಹರಕೆ ತೀರಿಸುವುದು ಎಲ್ಲಿ, ಕೂಸಿನ ಜವಳ ತೆಗೆಸುವುದು ಎಲ್ಲಿ ಎಂಬುದೆಲ್ಲ ಆ ಒಂದೇ ಮಾತಿನಲ್ಲಿ ತಿಳಿದುಹೋಗುತ್ತದೆ.

ಪುಸ್ತಕದ ಕನ್ನಡದ ‘ನಡೆದುಕೊಳ್ಳು’ ನಮ್ಮ ಬಾಯಲ್ಲಿ ‘ನಡಕೊಳ್ಳು’ ಆಗಿದೆ. ರೂಪ ಸವೆದರೂ ಅರ್ಥ ಸವೆದಿಲ್ಲ. ‘ಹೆಂಗ ಬಂದಿ?’ ಎಂದರೆ ‘ನಡಕೊಂಡ ಬಂದೆ’ ಎನ್ನುತ್ತೇವೆ. ಅದು ಕಾಲಿನ ಮಾತು. ‘ಸೊಸಿ ಹೆಂಗ?’ ಎಂದರೆ ‘ಚಲೋ ನಡಕೋತಾಳ’ ಎನ್ನುತ್ತೇವೆ. ಅದು ಗುಣದ ಮಾತು. ದೇವರ ಹೆಸರಿನ ಮುಂದೆ ಬಂದಾಗ ಅದೇ ಪದ ಭಕ್ತಿಯಾಗುತ್ತದೆ. ನಡಿಗೆ, ನಡತೆ, ನಿಷ್ಠೆ ಮೂರಕ್ಕೂ ನಮ್ಮ ಜನ ಒಂದೇ ಮಾತು ಸಾಕೆಂದುಕೊಂಡಿದ್ದಾರೆ. ಇದು ಪದಗಳ ಬಡತನವೆಂದು ನನಗೆ ಎಂದೂ ಅನ್ನಿಸಿಲ್ಲ. ಮೂರನ್ನೂ ಬಿಡಿಸಿ ನೋಡಬಾರದೆಂಬ ತಿಳಿವಳಿಕೆ ಅದರಲ್ಲಿದೆ.

ಈ ಪದ ಕಣ್ಣಿಗೆ ಕಾಣಬೇಕೆಂದರೆ ಪುಷ್ಯ ಮಾಸದ ಬನದ ಹುಣ್ಣಿಮೆಯ ಮುಂಚೆ ಬಾದಾಮಿಯ ರಸ್ತೆಗೆ ಬರಬೇಕು. ಬಾದಾಮಿಗೆ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದ ಬಳಿ ಬನಶಂಕರಿಯ ಗುಡಿ, ಎದುರಿಗೆ ಹರಿದ್ರಾ ತೀರ್ಥದ ಹೊಂಡ. ಚಾಲುಕ್ಯರು ಆರಾಧಿಸಿದ ತಾಯಿ. ಬರದ ಕಾಲಕ್ಕೆ ಕಾಯಿಪಲ್ಯ ಕೊಟ್ಟು ಜನರನ್ನು ಉಳಿಸಿದ ಶಾಕಾಂಬರಿ. ಹುಣ್ಣಿಮೆಯ ತೇರಿಗೆ ಮೊದಲು ಬರುವ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯದ ನೈವೇದ್ಯ ಅವಳಿಗೆ. ನೇಕಾರ ದೇವಾಂಗರಿಗೆ ಅವಳೇ ಕುಲದೇವತೆ. ಹಾಗಾಗಿ ಇಳಕಲ್ಲ, ಗುಳೇದಗುಡ್ಡದ ಮಗ್ಗದ ಮನೆಗಳಿಂದ, ಹುನಗುಂದ, ಬಾಗಲಕೋಟೆಯ ಓಣಿಗಳಿಂದ ಹುಡುಗರು ಗುಂಪುಗುಂಪಾಗಿ ಹೊರಡುತ್ತಾರೆ. ಬಸ್ಸು ಇದೆ, ಬೈಕು ಮನೆಯಲ್ಲೇ ಇದೆ. ಆದರೂ ನಡೆಯುತ್ತಾರೆ.

ಪತ್ರಿಕೆಗಳು ಇದನ್ನು ‘ಪಾದಯಾತ್ರೆ’ ಎಂದು ಬರೆಯುತ್ತವೆ. ತಪ್ಪೇನಿಲ್ಲ, ಆದರೆ ಆ ಪದದಲ್ಲಿ ಪಾದ ಮಾತ್ರ ಇದೆ. ‘ನಡಕೊಳ್ಳು’ ಎಂಬುದರಲ್ಲಿ ನಡೆಯುವವನ ಮನಸ್ಸೂ ಇದೆ. ಮೊದಲ ಹತ್ತು ಮೈಲಿ ಎಲ್ಲರೂ ಜೋರಾಗಿಯೇ ನಡೆಯುತ್ತಾರೆ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದ ಮೇಲೆ, ಪುಷ್ಯದ ಚಳಿ ಮೈಗಿಳಿದ ಮೇಲೆ ನಿಜವಾದ ನಡಿಗೆ ಶುರು. ಹಿಂದೆ ಬಿದ್ದವನಿಗಾಗಿ ಯಾರು ನಿಂತರು? ಇದ್ದ ಒಂದು ಬಾಟಲಿ ನೀರನ್ನು ಯಾರು ಮೊದಲು ಇನ್ನೊಬ್ಬರಿಗೆ ಕೊಟ್ಟರು? ಊಟ ಕೊಟ್ಟವರ ಅಂಗಳದಲ್ಲಿ ಎಲೆ ಎತ್ತಿ ಹಾಕಿದವರು ಯಾರು? ಕತ್ತಲಲ್ಲಿ ಲಾರಿ ಬರುವಾಗ ಗುಂಪನ್ನು ರಸ್ತೆಯಂಚಿಗೆ ಕರೆದವರು ಯಾರು? ದೇವಿಯ ಮುಂದೆ ನಿಲ್ಲುವುದು ಒಂದೆರಡು ಗಳಿಗೆ. ಅವಳಿಗೆ ನಡಕೊಳ್ಳುವುದು ಈ ಇಡೀ ದಾರಿಯುದ್ದಕ್ಕೂ.

ಈ ನೆಲಕ್ಕೆ ಇದು ಹೊಸ ಪಾಠವಲ್ಲ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಗೆ ಸೇರುತ್ತಾಳೆ. ಅಲ್ಲೇ ಬೆಳೆದ ಬಸವಣ್ಣ ಮತ್ತು ಅವನ ಸಂಗಡದ ಶರಣರು 12ನೇ ಶತಮಾನದಲ್ಲಿ ನಡೆಯನ್ನು ನುಡಿಯ ಪಕ್ಕಕ್ಕಿಟ್ಟು ತೂಗಿ ನೋಡಿದರು. ನಮ್ಮ ಕಾಲದಲ್ಲಿ, 1975ರಲ್ಲಿ, ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗತೊಡಗಿದರು. ಅವರು ಬೇಡಿದ ಭಿಕ್ಷೆ ಕುಡಿತ, ತಂಬಾಕಿನಂಥ ಚಟಗಳು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಇಂದು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಸ್ವಾಮಿಗಳು ಕಾಲಿನ ನಡಿಗೆಯಿಂದ ಜನರ ನಡತೆ ಕೇಳಲು ಹೋದರು. ಬನಶಂಕರಿಗೆ ಹೊರಟ ಹುಡುಗ ಗುಟ್ಕಾ ಚೀಟಿಯನ್ನು ಮನೆಯಲ್ಲೇ ಬಿಟ್ಟು ಹೊರಟರೆ, ಅದೂ ನಡಕೊಂಡಂತೆಯೇ.

‘ನಡೆ’ಯ ಬಳಗದಲ್ಲಿ ಇನ್ನೊಂದು ಪದವಿದೆ: ನಡೆಮಡಿ. ದೇವರ ಪಲ್ಲಕ್ಕಿ ಬರುವ ದಾರಿಗೆ, ಗುರುಗಳ ಪಾದ ಊರುವ ಜಾಗಕ್ಕೆ ಹಾಸುವ ಮಡಿಬಟ್ಟೆ. ಬನಶಂಕರಿಯ ದಾರಿಯಲ್ಲಿ ಹಳ್ಳಿಯವರು ನಡುರಾತ್ರಿ ಒಲೆ ಹೊತ್ತಿಸಿ ಚಹಾ ಕಾಸುತ್ತಾರೆ, ರೊಟ್ಟಿ-ಚಟ್ನಿ ಕಟ್ಟಿಕೊಡುತ್ತಾರೆ, ಪರಿಚಯವಿಲ್ಲದ ಹುಡುಗನ ಕಾಲಿಗೆ ಬಿಸಿನೀರು ಹಾಕುತ್ತಾರೆ. ಆ ದಾರಿಗೆ ಅದೇ ನಡೆಮಡಿ. ಯಾವ ಮಗ್ಗದಲ್ಲೂ ನೇಯದ ಅರಿವೆ ಅದು.

ಅದರ ಮೇಲೆ ಕಾಲಿಟ್ಟು ಬಂದವರು ಹಗುರಾಗಿ ನಡೆಯುವಂತಿಲ್ಲ. ಗೆಳೆಯನ ಕಾಲು ಸೋತಾಗ ಅವನ ಚೀಲವನ್ನೂ ತನ್ನ ಹೆಗಲಿಗೇರಿಸಿಕೊಂಡ ಹುಡುಗನೊಬ್ಬ, ಮುಂದೊಂದು ದಿನ ಬೀಗರ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾನೆ. ಹಿರಿಯರು ಅದೇ ಹಳೆಯ ಮಾತು ಕೇಳುತ್ತಾರೆ. ‘ಬನಶಂಕರಿಗೆ ನಡಕೋತೀವ್ರಿ’ ಎಂದು ಅವನು ಹೇಳಿದಾಗ, ಆ ಉತ್ತರದೊಳಗೆ ಎರಡು ಚೀಲದ ಭಾರವೂ ಇರುತ್ತದೆ.