ಸಾರಿನ ಧಣಿ

ಬೆಂಗಳೂರಿನ ಹೋಟೆಲುಗಳಲ್ಲಿ ಪರೋಟದ ಜೊತೆ ಕೊಡುವ ಶೇರ್ವಾ ಪಾರಸಿಯ ‘ಶೋರ್ಬಾ’ದ ಕುಡಿ. ಶೋರ್ ಎಂದರೆ ಉಪ್ಪು, ಬಾ ಎಂದರೆ ಬೇಯಿಸಿದ ಸಾರು. ಅದೇ ಮಾತು ಪಡುವಣಕ್ಕೆ ಹೊರಟು ತುರ್ಕರ ಬಾಯಲ್ಲಿ ‘ಚೋರ್ಬಾ’ ಆಯಿತು. ನಮ್ಮ ಖಜಾಂಚಿಯಲ್ಲಿರುವ ತುರ್ಕಿ ಬಾಲವನ್ನೇ ಅದಕ್ಕೂ ಅಂಟಿಸಿದರೆ ‘ಚೋರ್ಬಾಜಿ’, ಸಾರಿನವನು.

ಅಡುಗೆಯವನೆಂದುಕೊಂಡೀರಿ! ಒಟ್ಟೋಮನ್ ಸುಲ್ತಾನರ ಜಾನಿಸರಿ ಸೈನ್ಯದಲ್ಲಿ ಅದು ದಳಪತಿಯ ಬಿರುದು. ದಳಕ್ಕೆ ಅನ್ನದ ಹಂಡೆಯೇ ಮಾನದ ಗುರುತು. ಹಂಡೆ ಕವುಚಿ ಹಾಕಿದರೆಂದರೆ ದಂಗೆ ಎದ್ದರೆಂದೇ ಲೆಕ್ಕ. ಉಪ್ಪಿನ ಋಣವನ್ನು ಇಷ್ಟು ಅಕ್ಷರಶಃ ತೆಗೆದುಕೊಂಡ ಸೈನ್ಯ ಇನ್ನೊಂದಿರಲಾರದು. 1826ರಲ್ಲಿ ಆ ಸೈನ್ಯವನ್ನೇ ಸುಲ್ತಾನ ಅಳಿಸಿಹಾಕಿದ. ಬಿರುದು ಮಾತ್ರ ಬಲ್ಗೇರಿಯದ ಹಳ್ಳಿಪಟ್ಟಣಗಳಲ್ಲಿ ಉಳಿಯಿತು. ಅಲ್ಲಿ ‘ಚೋರ್ಬಜಿಯಾ’ ಎಂದರೆ ಊರಿನ ಸಾಹುಕಾರ: ಕಂದಾಯಕ್ಕೆ ಮಧ್ಯಸ್ಥ, ಬಂದ ಅಧಿಕಾರಿಗೆ ಊಟ ಹಾಕುವವನು, ನಮ್ಮ ಧಣಿ-ಗೌಡರ ಹಾಗೆ.

ಸ್ರೆದ್ನಾ ಗೋರಾ ಬೆಟ್ಟಗಳ ನಡುವಿನ ಕೊಪ್ರಿವ್‌ಶ್ತಿತ್ಸಾದಲ್ಲಿ ಇಂಥವರ ಮನೆಗಳು ಇಂದಿಗೂ ನಿಂತಿವೆ. ‘ಕೊಪ್ರಿವಾ’ ಎಂದರೆ ಮುಟ್ಟಿದರೆ ಚುರುಗುಟ್ಟುವ ಒಂದು ಗಿಡ. ಊರಿನ ಹೆಸರಿಗೆ ಅದೇ ಮೂಲವೆನ್ನುತ್ತಾರೆ. ವಸಂತದಲ್ಲಿ ಅದರ ಎಳೆಸೊಪ್ಪಿನಿಂದ ಚೋರ್ಬಾ ಮಾಡುವುದೂ ಉಂಟು. ಕುರಿ, ಉಣ್ಣೆ, ವ್ಯಾಪಾರದಿಂದ ಬಂದ ಹಣ ಅಲ್ಲಿ ಕೆತ್ತನೆಯ ಮಾಳಿಗೆಗಳಾಯಿತು, ಬಣ್ಣದ ಗೋಡೆಗಳಾಯಿತು.

1876ರ ಏಪ್ರಿಲ್ 20ರಂದು (ಹಳೆಯ ಪಂಚಾಂಗದ ಲೆಕ್ಕ) ತುರ್ಕರ ವಿರುದ್ಧದ ದಂಗೆಗೆ ಮೊದಲ ಗುಂಡು ಹಾರಿದ್ದು ಈ ಊರಿನ ಸೇತುವೆಯ ಬಳಿ. ಬಂಡಾಯ ಕುಸಿದಾಗ ಕೆಲವು ಚೋರ್ಬಜಿಗಳು ಬಂಡಾಯಗಾರರನ್ನು ಕೂಡಿಹಾಕಿದರು, ಹಣ ಸುರಿದು ಊರನ್ನು ಬೆಂಕಿಯಿಂದ ಉಳಿಸಿಕೊಂಡರು. ದ್ರೋಹವೋ ಜಾಣತನವೋ, ನಾನು ತೀರ್ಪು ಕೊಡಲಾರೆ. ಆ ಹಣವಿಲ್ಲದಿದ್ದರೆ ಇಂದು ನೋಡಲು ಮನೆಗಳಿರುತ್ತಿರಲಿಲ್ಲ. ಆದರೆ ನೆಂಚೊ ಒಸ್ಲೆಕೊವ್ ಕೂಡ ಸಾಹುಕಾರನೇ. ದಂಗೆಕೋರರಿಗೆ ಉಡುಪು ಹೊಲಿಸಿಕೊಟ್ಟದ್ದಕ್ಕೆ ಅವನು ನೇಣಿಗೇರಿದ.

ಬಲ್ಗೇರಿಯದ ಲೇಖಕ ಇವಾನ್ ವಾಜೊವ್ ಇಬ್ಬಗೆಯ ಧಣಿಗಳನ್ನೂ ಕಂಡವನು: ಅವನ ‘ನೊಗದಡಿಯಲ್ಲಿ’ ಕಾದಂಬರಿಯಲ್ಲಿ ಚೋರ್ಬಜಿ ಮಾರ್ಕೊ ಸಜ್ಜನ, ಚೋರ್ಬಜಿ ಯೋರ್ದಾನ್ ಕೆಟ್ಟವನು. ಮುಂದೆ ಕಮ್ಯುನಿಸ್ಟರ ಕಾಲಕ್ಕೆ ಆ ಬಿರುದು ಪೂರ್ತಿ ಬೈಗುಳವಾಯಿತು. ಚೋರ್ಬಾ ಮಾತ್ರ ಊಟದ ಮೇಜಿನ ಮೇಲೆ ಬಿಸಿಯಾಗಿಯೇ ಉಳಿದಿದೆ. ಒಸ್ಲೆಕೊವ್‌ನ ಮನೆ ಈಗ ವಸ್ತುಸಂಗ್ರಹಾಲಯ.